ರೇಂಜ್ ಇಲ್ಲದ ದಿನವೂ ಮಾತು ಉಳಿಸುವ ಕ್ಯಾಲೆಂಡರ್ ಯಾವುದು?

ನಮ್ಮದು ಕೊಡಗಿನ ಕಕ್ಕಬ್ಬೆ ಕಡೆ ಮೂರು ರೂಮಿನ ಹೋಮ್‌ಸ್ಟೇ. ಸುತ್ತ ರೊಬಸ್ಟಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ತೋಟದ ಲೆಕ್ಕ ಯಜಮಾನರದು. ರೂಮಿನ ಬುಕಿಂಗ್, ಕಾಫಿ ಪುಡಿಯ ಆರ್ಡರ್, ರಾತ್ರಿ ಊಟಕ್ಕೆ ಎಷ್ಟು ಜನ, ಯಾರು ಎಷ್ಟು ಗಂಟೆಗೆ ಬರುತ್ತಾರೆ, ಇದೆಲ್ಲ ನನ್ನದು. ಸೀಸನ್‌ನಲ್ಲಿ ದಿನಕ್ಕೆ ಮೂವತ್ತು ಮೇಲ್ ಬರುತ್ತವೆ. ಅದರಲ್ಲಿ ಉತ್ತರ ಕೊಡಲೇಬೇಕಾದವು ಏಳೆಂಟು. ಆ ಏಳೆಂಟು ಕೈತಪ್ಪಬಾರದು, ಕೊಟ್ಟ ದಿನಾಂಕ ತಪ್ಪಬಾರದು. ನನಗೆ ಬೇಕಾಗಿರುವುದು ಇಷ್ಟೇ.

ಇದಕ್ಕಾಗಿ ಕಳೆದ ಕೆಲವು ವರ್ಷಗಳಲ್ಲಿ ಬೇರೆ ಬೇರೆ ಆಪ್‌ಗಳನ್ನು ಬಳಸಿ ನೋಡಿದ್ದೇನೆ. ನಮ್ಮ ಕಡೆ ಹೋಮ್‌ಸ್ಟೇ ನಡೆಸುವ ಸ್ನೇಹಿತೆಯರು ಆಗಾಗ ಕೇಳುತ್ತಾರೆ, ಯಾವುದು ಒಳ್ಳೆಯದು ಅಂತ. ಬೆಂಗಳೂರಿನವರು ಬರೆದ ವಿಮರ್ಶೆ ಓದಿದರೆ ನಮಗೆ ಪ್ರಯೋಜನ ಕಮ್ಮಿ. ಅವರಿಗೆ ನೆಟ್ ಯಾವಾಗಲೂ ಇರುತ್ತದೆ ಅಲ್ವಾ? ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಇರುವ ದಿನವೇ ಹಬ್ಬ. ಮನೆಯಲ್ಲಿ ರೇಂಜ್ ಸಿಗುವುದು ಎರಡು ಕಡೆ ಮಾತ್ರ: ಅಡುಗೆಮನೆ ಕಿಟಕಿ ಹತ್ತಿರ, ಮತ್ತೆ ಕಣದ ಮೂಲೆಯ ಹಲಸಿನ ಮರದ ಕೆಳಗೆ. ಮಳೆ ಜೋರಾದರೆ ಅಲ್ಲೂ ಇಲ್ಲ. ಹಾಗಾಗಿ ನಾನು ಯಾವ ಆಪ್ ಹಾಕಿಕೊಂಡರೂ ಮೊದಲು ಮಾಡುವ ಪರೀಕ್ಷೆ ಒಂದೇ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆಪ್ ತೆರೆಯುತ್ತೇನೆ. ನಾಳೆ ಬರುವವರ ಹೆಸರು, ಫೋನ್ ನಂಬರ್, ಎಷ್ಟು ಜನ, ಇದು ಕಾಣಿಸಿದರೆ ಸರಿ. ಕಾಣಿಸದಿದ್ದರೆ ಆ ಆಪ್ ನಮ್ಮ ಊರಿಗೆ ಆಗುವುದಿಲ್ಲ.

ಈ ಪರೀಕ್ಷೆ ಸುಮ್ನೆ ಹುಟ್ಟಿದ್ದಲ್ಲ. 2018ರ ಆಗಸ್ಟ್ ಕೊಡಗಿನವರು ಯಾರೂ ಮರೆಯುವ ಹಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಬೆಟ್ಟವೇ ಕುಸಿಯಿತು. ಜನ ಮನೆಮಠ ಕಳೆದುಕೊಂಡರು. ನಮ್ಮ ಮನೆಗೆ ಏನೂ ಆಗಲಿಲ್ಲ, ಅದು ದೇವರ ದಯೆ. ಆದರೆ ಕರೆಂಟ್ ಹೋಯಿತು, ನೆಟ್ ಹೋಯಿತು. ಆ ವಾರ ನಾಲ್ಕು ಬುಕಿಂಗ್ ಇತ್ತು. ಬರಬೇಡಿ, ರಸ್ತೆ ಇಲ್ಲ ಅಂತ ಹೇಳಬೇಕಿತ್ತು. ಅವರ ನಂಬರ್‌ಗಳೆಲ್ಲ ಮೇಲ್‌ನಲ್ಲಿ. ಮೇಲ್ ಓದುತ್ತಿದ್ದದ್ದು ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ. ಬ್ರೌಸರ್‌ನಲ್ಲಿ ಬಿಳಿ ಪುಟ ಮಾತ್ರ. ಒಬ್ಬರದ್ದಾದರೂ ನಂಬರ್ ಎಲ್ಲಾದರೂ ಬರೆದಿಟ್ಟಿದ್ದೀನಾ ಅಂತ ಟಾರ್ಚ್ ಹಿಡಿದು ಹಳೆಯ ಡೈರಿಗಳನ್ನೆಲ್ಲ ಮಗುಚಿದೆ. ಇಬ್ಬರು ಮಕ್ಕಳನ್ನು ಕರೆದುಕೊಂಡು ಒಂದು ಕುಟುಂಬ ಹೊರಟುಬಿಟ್ಟಿತ್ತು. ಅವರು ಕುಶಾಲನಗರದ ಹತ್ತಿರ ವಿಷಯ ತಿಳಿದು ವಾಪಸ್ ಹೋದರು ಅಂತ ಆಮೇಲೆ ಗೊತ್ತಾಯಿತು. ಆ ಮೂರು ದಿನದ ಸಂಕಟ ನನಗೆ ಈಗಲೂ ನೆನಪಿದೆ.

ಈಗ ನಾನು ದಿನವೂ ಬಳಸುವುದು ಜಿಮೇಲ್ ಮತ್ತು ಗೂಗಲ್ ಕ್ಯಾಲೆಂಡರ್. ಎಲ್ಲರಿಗೂ ಗೊತ್ತಿರುವುದೇ, ಇದರಲ್ಲೇನು ವಿಮರ್ಶೆ ಅನಿಸಬಹುದು. ಆದರೆ ಅದರೊಳಗೆ ಇರುವ ಅರ್ಧ ಸೌಲಭ್ಯವನ್ನು ನಮ್ಮಲ್ಲಿ ಹೆಚ್ಚಿನವರು ಮುಟ್ಟುವುದೇ ಇಲ್ಲ. ನಾನೂ ಎಷ್ಟೋ ವರ್ಷ ಮುಟ್ಟಿರಲಿಲ್ಲ. ಜಿಮೇಲ್ ಬಂದಿದ್ದು 2004ರಲ್ಲಿ, ಕ್ಯಾಲೆಂಡರ್ 2006ರಲ್ಲಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಎರಡು ವಿಷಯ ಮಾತ್ರ ತಡವಾಗಿ ಬಂದವು. ಮೇಲನ್ನು ಸ್ನೂಜ್ ಮಾಡುವುದು, ಅಂದರೆ ಈಗ ಬದಿಗಿಟ್ಟು ಹೇಳಿದ ದಿನ ಮತ್ತೆ ಕಾಣುವ ಹಾಗೆ ಇಡುವುದು, 2018ರಲ್ಲಿ, ಬರೆದ ಮೇಲ್ ಬೇರೆ ಹೊತ್ತಿಗೆ ಹೋಗುವ ಹಾಗೆ ಶೆಡ್ಯೂಲ್ ಮಾಡುವುದು 2019ರಲ್ಲಿ.

ಮೊದಲು ಆಫ್‌ಲೈನ್ ವಿಷಯ. ಕಂಪ್ಯೂಟರ್‌ನಲ್ಲಿ ಕ್ರೋಮ್ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ಗೆ ಹೋದರೆ ಆಫ್‌ಲೈನ್ ಅಂತ ಒಂದು ಭಾಗ ಇದೆ. ಅದನ್ನು ಆನ್ ಮಾಡಿದರೆ 7, 30 ಅಥವಾ 90 ದಿನಗಳ ಮೇಲ್ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ನಾನು 90 ಇಟ್ಟಿದ್ದೇನೆ. ಫೋನಿನ ಜಿಮೇಲ್‌ನಲ್ಲೂ ಎಷ್ಟು ದಿನದ ಮೇಲ್ ಸಿಂಕ್ ಆಗಬೇಕು, ಅಂದರೆ ಫೋನಿಗೆ ಇಳಿಯಬೇಕು ಎಂದು ನಾವೇ ಹೇಳಬಹುದು. ಆಂಡ್ರಾಯ್ಡ್‌ನಲ್ಲಿ ಮೊದಲಿಗೆ 30 ದಿನ ಇರುತ್ತದೆ, ಅದನ್ನು ಜಾಸ್ತಿ ಮಾಡಿಕೊಳ್ಳಿ. ಡಿಸೆಂಬರ್ ರಜೆಗೆ ಬರುವವರು ಸೆಪ್ಟೆಂಬರ್‌ನಲ್ಲೇ ಬರೆದಿರುತ್ತಾರೆ. 30 ದಿನ ಸಾಲುವುದಿಲ್ಲ. ನೆಟ್ ಇಲ್ಲದಾಗ ಬರೆದ ಉತ್ತರ ಔಟ್‌ಬಾಕ್ಸ್‌ನಲ್ಲಿ ಕೂತಿರುತ್ತದೆ, ರೇಂಜ್ ಬಂದ ಕೂಡಲೇ ತಾನೇ ಹೋಗುತ್ತದೆ. ಮಳೆಗಾಲದಲ್ಲಿ ನಾನು ರಾತ್ರಿ ಮೊಂಬತ್ತಿ ಬೆಳಕಲ್ಲಿ ಎಲ್ಲದಕ್ಕೂ ಉತ್ತರ ಬರೆದು ಮುಗಿಸುತ್ತೇನೆ. ಬೆಳಿಗ್ಗೆ ಹಾಲು ತರಲು ಮೇಲಿನ ರಸ್ತೆಗೆ ಹೋದಾಗ ಜೇಬಿನಲ್ಲಿರುವ ಫೋನಿನಿಂದ ಎಲ್ಲವೂ ಒಂದೊಂದಾಗಿ ಹೋಗುತ್ತವೆ.

ಕ್ಯಾಲೆಂಡರ್ ಆಪ್ ಇನ್ನೂ ಗಟ್ಟಿ. ನೆಟ್ ಇಲ್ಲದಾಗಲೂ ಹೊಸದಾಗಿ ಬರೆಯಬಹುದು, ಆಮೇಲೆ ಸೇರಿಕೊಳ್ಳುತ್ತದೆ. ಫೋನಿನಲ್ಲಿ ಇಟ್ಟ ನೆನಪಿನ ಗಂಟೆ ನೆಟ್ ಇಲ್ಲದೆಯೂ ಹೊಡೆಯುತ್ತದೆ. ಹಾಗಾಗಿ ನೆನಪಿಸುವುದನ್ನು ಮೇಲ್‌ಗೆ ಕಳಿಸು ಎಂದು ಇಡಬೇಡಿ, ಫೋನ್ ನೋಟಿಫಿಕೇಶನ್ ಇಡಿ. ಮೇಲ್ ಬರಲು ನೆಟ್ ಬೇಕಲ್ಲ.

ಒಂದು ಬುಕಿಂಗ್‌ಗೆ ನಾನು ಕ್ಯಾಲೆಂಡರ್‌ನಲ್ಲಿ ಏನೇನು ಬರೆಯುತ್ತೇನೆ ಎಂದು ಹೇಳುತ್ತೇನೆ. ಮೇಲೆ ರೂಮಿನ ಹೆಸರು, ಆಮೇಲೆ ಜನ ಎಷ್ಟು. ಕೆಳಗೆ ಫೋನ್ ನಂಬರ್. 2018ರ ನಂತರ ನಂಬರ್ ಇಲ್ಲದ ಬುಕಿಂಗ್ ಅನ್ನು ನಾನು ಪಕ್ಕಾ ಎಂದು ಬರೆಯುವುದೇ ಇಲ್ಲ. ಆಮೇಲೆ ಊಟ: ಹಂದಿ ತಿನ್ನುತ್ತಾರಾ, ಕೋಳಿಯಾ, ಸಸ್ಯಾಹಾರವಾ. ಇದಕ್ಕೆ ಎರಡು ದಿನ ಮೊದಲೇ ಒಂದು ನೆನಪಿನ ಗಂಟೆ ಇಟ್ಟಿರುತ್ತೇನೆ. ಯಾಕೆಂದರೆ ಪಂದಿ ಕರಿಗೆ ಮಾಂಸ ನಾಪೋಕ್ಲಿನಲ್ಲಿ ಮೊದಲೇ ಹೇಳಿಡಬೇಕು. ಸಂಜೆ ಐದಕ್ಕೆ ನೆನಪಾದರೆ ಏನೂ ಸಿಗದು. ವಿದೇಶದವರು ಬಂದರೆ ಇನ್ನೊಂದು ಗಂಟೆ. ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬಿ ಕಳಿಸಬೇಕು, ಅದು ಕಾನೂನು. ಬಂದ ಸಂಜೆಯೇ ಪಾಸ್‌ಪೋರ್ಟ್, ವೀಸಾದ ಫೋಟೋ ತೆಗೆದುಕೊಂಡು ಹಲಸಿನ ಮರದ ಕೆಳಗೆ ಹೋಗುತ್ತೇನೆ. ಈ ಗಂಟೆ ಇಲ್ಲದಿದ್ದರೆ ಅಡುಗೆ ಗಡಿಬಿಡಿಯಲ್ಲಿ ಖಂಡಿತ ಮರೆತುಹೋಗುತ್ತದೆ.

ಹಂಚಿಕೊಳ್ಳುವಾಗ ಸ್ವಲ್ಪ ಎಚ್ಚರ ಬೇಕು. ಯಜಮಾನರಿಗೆ ನಾನು ತಿದ್ದುವ ಹಕ್ಕನ್ನೇ ಕೊಟ್ಟಿದ್ದೇನೆ. ಜೀಪ್ ಓಡಿಸಲು ಬರುವ ಹುಡುಗನಿಗೆ ಬರೀ ಖಾಲಿ ಇದೆಯೋ ಇಲ್ಲವೋ ಎಂದು ಕಾಣುವ ಹಾಗೆ ಮಾತ್ರ. ಅತಿಥಿಗಳ ಫೋನ್ ನಂಬರ್ ಎಲ್ಲರ ಫೋನಿಗೂ ಹೋಗಬಾರದು. ಅವರು ನಂಬಿ ಕೊಟ್ಟಿರುತ್ತಾರೆ.

ಜಿಮೇಲ್‌ನ ಫಿಲ್ಟರ್, ಅಂದರೆ ಬರುವ ಮೇಲನ್ನು ತಾನೇ ವಿಂಗಡಿಸುವ ಸೌಲಭ್ಯದ ಬಗ್ಗೆ ಒಂದು ಮಾತು. ಬುಕಿಂಗ್ ಸೈಟ್‌ಗಳಿಂದ ಬರುವ ಮೇಲ್‌ಗೆ ಒಂದು ಬಣ್ಣದ ಲೇಬಲ್, ಕಾಫಿ ಪುಡಿ ಆರ್ಡರ್‌ಗೆ ಇನ್ನೊಂದು. ಜಾಹೀರಾತುಗಳು ಇನ್‌ಬಾಕ್ಸ್‌ಗೆ ಬರದೆ ನೇರ ಒಳಗೆ ಹೋಗುತ್ತವೆ. ಇದನ್ನು ಮಾಡಲು ಒಂದು ಮಧ್ಯಾಹ್ನ ಸಾಕು. ಕಳಿಸಿದ ಮೇಲನ್ನು ವಾಪಸ್ ಪಡೆಯುವ ಅವಧಿ ಮೊದಲಿಗೆ 5 ಸೆಕೆಂಡ್ ಇರುತ್ತದೆ. ಅದನ್ನು 30 ಸೆಕೆಂಡ್ ಮಾಡಿಕೊಳ್ಳಿ. ದರ ತಪ್ಪು ಬರೆದದ್ದು ಗೊತ್ತಾಗುವುದು ಕಳಿಸಿದ ಮೇಲೆಯೇ. ಉತ್ತರದ ಟೆಂಪ್ಲೇಟ್‌ಗಳೂ ಇವೆ. ದಾರಿ ಹೇಗೆ, ಜಿಗಣೆ ಇರುತ್ತದಾ, ತಡಿಯಂಡಮೋಳ್ ಬೆಟ್ಟ ಹತ್ತಲು ಎಷ್ಟು ಹೊತ್ತು ಎಂಬ ಪ್ರಶ್ನೆ ಪ್ರತಿಯೊಬ್ಬರೂ ಕೇಳುತ್ತಾರೆ. ಅದಕ್ಕೆಲ್ಲ ಒಮ್ಮೆ ಚೆನ್ನಾಗಿ ಬರೆದು ಇಟ್ಟುಕೊಂಡರೆ ಆಯಿತು. ಒಂದೇ ಕೊರತೆ, ಈ ಟೆಂಪ್ಲೇಟ್ ಸೌಲಭ್ಯ ಇರುವುದು ಕಂಪ್ಯೂಟರ್‌ನಲ್ಲಿ. ನಮ್ಮಂಥವರ ಕೆಲಸವೆಲ್ಲ ಫೋನಿನಲ್ಲೇ ನಡೆಯುತ್ತದೆ, ಅಲ್ಲೂ ಕೊಡಬೇಕಿತ್ತು. ನಾನು ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಂಡು ಕಾಪಿ ಮಾಡುತ್ತೇನೆ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ, ಡಬಲ್ ಬುಕಿಂಗ್.

ಕೆಲವು ವರ್ಷದ ಹಿಂದೆ ನಾನು ತಿಂಗಳಿಗೆ ದುಡ್ಡು ಕೊಟ್ಟು ಒಂದು ಆಪ್ ತೆಗೆದುಕೊಂಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಎಲ್ಲ ಬುಕಿಂಗ್ ಸೈಟ್‌ಗಳ ದಿನಾಂಕವನ್ನು ಒಟ್ಟು ಮಾಡಿ ತೋರಿಸುತ್ತದೆ, ಒಂದು ಕಡೆ ರೂಮ್ ಹೋದರೆ ಎಲ್ಲ ಕಡೆಯೂ ಮುಚ್ಚುತ್ತದೆ ಅಂತ ಹೇಳಿದ್ದರು. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ದಿನಕ್ಕೆ ಫೋನಿನಲ್ಲಿ ಮೈಸೂರಿನ ಒಂದು ಕುಟುಂಬಕ್ಕೆ ರೂಮ್ ಕೊಟ್ಟೆ. ಆಪ್‌ನಲ್ಲಿ ಬರೆದೆ. ಹಸಿರು ಟಿಕ್ ಬಂತು. ನಾನು ನಿಶ್ಚಿಂತೆಯಿಂದ ಇದ್ದೆ.

ಹುತ್ತರಿ ರಾತ್ರಿ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎಲೆಗಳ ನೆರೆ ಕಟ್ಟಿ, ಗದ್ದೆಗೆ ಹೋಗಿ, ಗುಂಡು ಹೊಡೆದು, ಕದಿರು ತೆಗೆದು, ಪೊಲಿ ಪೊಲಿ ದೇವಾ ಎನ್ನುತ್ತಾ ಮನೆ ಅಂಗಳಕ್ಕೆ ಬಂದೆವು. ನನ್ನ ಕೈಯಲ್ಲಿ ದೀಪದ ತಟ್ಟೆ. ಮೈಸೂರಿನವರು ನಮ್ಮ ಜೊತೆಯಲ್ಲೇ ಇದ್ದರು, ಅವರ ಮಗುವಿನ ಕೈಯಲ್ಲೂ ನಾಲ್ಕು ತೆನೆ. ಆಗ ಗೇಟಿನಲ್ಲಿ ಇನ್ನೊಂದು ಕಾರಿನ ಬೆಳಕು ಬಿತ್ತು. ಬೆಂಗಳೂರಿನಿಂದ ಗಂಡ ಹೆಂಡತಿ, ಆರು ಗಂಟೆ ಡ್ರೈವ್ ಮಾಡಿ ಬಂದಿದ್ದರು. ಫೋನಿನಲ್ಲಿ ಬುಕಿಂಗ್ ತೋರಿಸಿದರು. ಅದೇ ರೂಮ್, ಅದೇ ದಿನ, ದುಡ್ಡೂ ಕಟ್ಟಿದ್ದರು. ಅವರದ್ದೇನು ತಪ್ಪು? ನಮ್ಮ ಸ್ವಂತ ಕೋಣೆ ಅವರಿಗೆ ಬಿಟ್ಟುಕೊಟ್ಟು ನಾವು ಹಾಲ್‌ನಲ್ಲಿ ಚಾಪೆ ಹಾಕಿಕೊಂಡೆವು. ಹೊಸ ಅಕ್ಕಿಯ ಪಾಯಸ ಎಲ್ಲರಿಗೂ ಬಡಿಸಿದೆ, ಆದರೆ ನನಗೆ ಒಂದು ಚಮಚವೂ ಇಳಿಯಲಿಲ್ಲ. ವರ್ಷಕ್ಕೊಮ್ಮೆ ಬರುವ ಹಬ್ಬ.

ಆಮೇಲೆ ಇದು ಯಾಕೆ ಆಯಿತು ಅಂತ ಕೂತು ತಿಳಿದುಕೊಂಡೆ. ಇದು ನಿಮಗೂ ಗೊತ್ತಿರಬೇಕು, ಯಾವ ಆಪ್ ಬಳಸಿದರೂ ಸರಿ. ಹೆಚ್ಚಿನ ಕಡೆ ಕ್ಯಾಲೆಂಡರ್‌ಗಳು ಒಂದಕ್ಕೊಂದು ಮಾತಾಡುವುದು ಐಕ್ಯಾಲ್ ಎಂಬ ಕೊಂಡಿಯ ಮೂಲಕ. ಇದು 1998ರಲ್ಲಿ ಬಂದ ಹಳೆಯ ಪದ್ಧತಿ, 2009ರಲ್ಲಿ ತಿದ್ದಿದರು. ಒಂದು ಸೈಟ್ ತನ್ನ ದಿನಾಂಕಗಳನ್ನು ಒಂದು ಫೈಲ್‌ನಲ್ಲಿ ಬರೆದು ಇಟ್ಟಿರುತ್ತದೆ. ಇನ್ನೊಂದು ಸೈಟ್ ಆಗಾಗ ಬಂದು ಆ ಫೈಲ್ ಓದಿಕೊಂಡು ಹೋಗುತ್ತದೆ. ಅಷ್ಟೇ. ಬದಲಾವಣೆ ಆದ ಕೂಡಲೇ ಯಾರೂ ಯಾರಿಗೂ ಕೂಗಿ ಹೇಳುವುದಿಲ್ಲ. ನಾನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದೆ, ನೀವು ಮುಂದಿನ ಸಲ ಮನೆಗೆ ಬಂದಾಗ ನೋಡಿದಿರಿ, ಹಾಗೆ. ಎರಡು ಭೇಟಿಯ ನಡುವೆ ಯಾರಾದರೂ ಬುಕ್ ಮಾಡಿದರೆ ಮುಗಿಯಿತು. ಗೂಗಲ್ ಕ್ಯಾಲೆಂಡರ್ ಕೂಡ ಹೊರಗಿನ ಕೊಂಡಿಯನ್ನು ಓದಿ ಬದಲಾವಣೆ ತೋರಿಸಲು 12 ಗಂಟೆಯವರೆಗೆ ಆಗಬಹುದು ಎಂದು ಗೂಗಲ್‌ನವರೇ ಹೇಳುತ್ತಾರೆ. 12 ಗಂಟೆ ಅಂದರೆ ಹುತ್ತರಿ, ದಸರಾ ಸಮಯದಲ್ಲಿ ಒಂದು ಯುಗ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಫೋನಿನಲ್ಲಿ ಯಾರಾದರೂ ರೂಮ್ ಕೇಳಿದರೆ, ಹತ್ತು ನಿಮಿಷ ಬಿಟ್ಟು ಹೇಳುತ್ತೇನೆ ಎನ್ನುತ್ತೇನೆ. ಮೊದಲು ಬುಕಿಂಗ್ ಸೈಟ್‌ಗಳಿಗೇ ಹೋಗಿ ಆ ದಿನವನ್ನು ಕೈಯಾರೆ ಮುಚ್ಚುತ್ತೇನೆ. ಆಮೇಲೆ ನನ್ನ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಆಮೇಲಷ್ಟೇ ಫೋನ್ ಮಾಡಿ ಹೂಂ ಎನ್ನುತ್ತೇನೆ. ನೆಟ್ ಇಲ್ಲದ ದಿನ ಫೋನ್ ಬುಕಿಂಗ್ ತೆಗೆದುಕೊಳ್ಳುವುದೇ ಇಲ್ಲ. ಸಂಬಂಧಿಕರಾದರೂ ಸರಿ. ಮತ್ತೆ ಒಂದು ಕಿವಿಮಾತು, ಹೊರಗಿನ ಕೊಂಡಿಯನ್ನು ಗೂಗಲ್ ಕ್ಯಾಲೆಂಡರ್‌ಗೆ ಸೇರಿಸುವುದು ಕಂಪ್ಯೂಟರ್‌ನಿಂದ ಮಾತ್ರ ಆಗುತ್ತದೆ. ಫೋನ್ ಆಪ್‌ನಲ್ಲಿ ಹುಡುಕಿ ಹುಡುಕಿ ಸುಸ್ತಾಗಬೇಡಿ.

ಮೈಕ್ರೋಸಾಫ್ಟ್‌ನ ಔಟ್‌ಲುಕ್ ಆಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಗಳ ಆಫೀಸಿನಲ್ಲಿ ಅದೇ ಇರುವುದು, ಅವಳು ಹಾಕಿಕೊಟ್ಟಳು. ಮೇಲ್ ಮತ್ತು ಕ್ಯಾಲೆಂಡರ್ ಒಂದೇ ಆಪ್‌ನಲ್ಲಿ ಇರುವುದು ಅದರ ದೊಡ್ಡ ಗುಣ. ಫೋನಿನಲ್ಲಿ ಜಾಗ ಕಮ್ಮಿ ಇರುವವರಿಗೆ, ಎರಡು ಆಪ್ ನಡುವೆ ಓಡಾಡಲು ಬೇಸರ ಇರುವವರಿಗೆ ಒಳ್ಳೆಯದು. ಜಿಮೇಲ್ ಖಾತೆಯನ್ನೂ ಅದರಲ್ಲಿ ಸೇರಿಸಬಹುದು. ಮುಖ್ಯವಾದದ್ದನ್ನು ತಾನೇ ಆರಿಸಿ ಫೋಕಸ್ಡ್ ಎಂಬ ಕಡೆ ಹಾಕುತ್ತದೆ. ನನಗೆ ಅದು ಇಷ್ಟವಾಗಲಿಲ್ಲ. ಮೊದಲ ಸಲ ಬರೆಯುವ ಅತಿಥಿಯೇ ನನಗೆ ಎಲ್ಲರಿಗಿಂತ ಮುಖ್ಯ. ಯಾವುದು ಮುಖ್ಯ ಅಂತ ಆಪ್ ತೀರ್ಮಾನ ಮಾಡುವುದು ಬೇಡ ಎಂದು ಅದನ್ನು ಆಫ್ ಮಾಡಿದೆ. ಆಫ್ ಮಾಡಲು ಅವಕಾಶ ಇದೆ ಎನ್ನುವುದು ಸಮಾಧಾನ.

ಥಂಡರ್‌ಬರ್ಡ್ ಮಾತ್ರ ನನ್ನ ಮನಸ್ಸಿಗೆ ಹತ್ತಿರ. ಇದು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಮೇಲ್ ಪ್ರೋಗ್ರಾಂ, 2004ರಿಂದ ಇದೆ. ಉಚಿತ, ಜನ ಕೊಡುವ ದೇಣಿಗೆಯಿಂದ ನಡೆಯುತ್ತದೆ. ಒಳಗೇ ಕ್ಯಾಲೆಂಡರ್ ಇದೆ. ನನ್ನ ಎಲ್ಲ ಹಳೆಯ ಮೇಲ್ ಇದರ ಮೂಲಕ ಲ್ಯಾಪ್‌ಟಾಪ್‌ನಲ್ಲೇ ಇಳಿದು ಕೂತಿದೆ. 90 ದಿನ ಅಂತ ಮಿತಿ ಇಲ್ಲ. ಮಳೆಗಾಲದ ರಾತ್ರಿ ನೆಟ್ ಇಲ್ಲದಾಗ ನಾಲ್ಕು ವರ್ಷದ ಹಿಂದೆ ಬಂದವರ ಮೇಲ್ ಹುಡುಕಿದರೂ ಸಿಗುತ್ತದೆ. ಹೋದ ವರ್ಷ ಒಬ್ಬರು ಅಜ್ಜಿ ಬರೆದಿದ್ದರು, ಮೊದಲು ಬಂದಾಗ ತಿಂದ ಬೈಂಬಳೆ (ಎಳೆ ಬಿದಿರು) ಕರಿ ಮತ್ತೆ ಸಿಗುತ್ತದಾ ಎಂದು. ಹಳೆಯ ಮೇಲ್ ತೆಗೆದು ನೋಡಿದರೆ ಅವರಿಗೆ ಖಾರ ಆಗುವುದಿಲ್ಲ ಎಂದು ಮಗ ಬರೆದದ್ದು ಸಿಕ್ಕಿತು. ಹಾಗೇ ಮಾಡಿ ಬಡಿಸಿದೆ. ಅವರ ಮುಖ ನೋಡಬೇಕಿತ್ತು. ಫೋನಿಗೂ ಥಂಡರ್‌ಬರ್ಡ್ 2024ರಲ್ಲಿ ಬಂತು, ಕೆ-9 ಮೇಲ್ ಎಂಬ ಹಳೆಯ ಆಪ್ ಅನ್ನೇ ಬೆಳೆಸಿ ಮಾಡಿದ್ದು. ನಾನು ಫೋನಿಗೆ ಜಿಮೇಲ್ ಸಾಕು ಎಂದು ಬಿಟ್ಟೆ. ಥಂಡರ್‌ಬರ್ಡ್ ಹೊಂದಿಸುವಾಗ ಮೊದಲ ದಿನ ಸ್ವಲ್ಪ ಕಷ್ಟ, ಗೊತ್ತಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಸಲ ಎಲ್ಲ ಮೇಲ್ ಇಳಿಯಲು ಒಳ್ಳೆಯ ನೆಟ್ ಬೇಕು. ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಮಡಿಕೇರಿಯಲ್ಲಿ ಅಕ್ಕನ ಮನೆಗೆ ಹೋಗಿ ಒಂದು ದಿನ ಕೂತಿದ್ದೆ.

ಭೇಟಿಯ ಹೊತ್ತು ಗೊತ್ತುಮಾಡುವ ಕ್ಯಾಲೆಂಡ್ಲಿ ಎಂಬ ಆಪ್ ಬಳಸುವುದು ತೋಟ ನೋಡಲು ಬರುವವರಿಗೆ. ರೂಮ್ ತೆಗೆದುಕೊಳ್ಳದೆ ಬರೀ ತೋಟದಲ್ಲಿ ಒಂದೂವರೆ ಗಂಟೆ ಸುತ್ತಿ, ಕಾಫಿ ಕುಡಿದು ಹೋಗುವವರು ಇರುತ್ತಾರೆ. ಮೊದಲು ಇದಕ್ಕೆ ಐದಾರು ಮೇಲ್ ಆಗುತ್ತಿತ್ತು. ನಾಳೆ ಬರಲಾ, ಬೆಳಿಗ್ಗೆಯಾ, ಹತ್ತಕ್ಕೆ ಆಗುತ್ತಾ, ಹನ್ನೊಂದಕ್ಕೆ ಆಗುತ್ತಾ. ಈಗ ಒಂದು ಕೊಂಡಿ ಕಳಿಸುತ್ತೇನೆ, ಖಾಲಿ ಇರುವ ಹೊತ್ತು ಅವರಿಗೇ ಕಾಣುತ್ತದೆ, ಆರಿಸಿಕೊಳ್ಳುತ್ತಾರೆ. ಎರಡು ಭೇಟಿಯ ನಡುವೆ ಅರ್ಧ ಗಂಟೆ ಬಿಡುವು ಬೇಕು, ಒಂದು ದಿನ ಮೊದಲೇ ಹೇಳಿರಬೇಕು ಎಂದೆಲ್ಲ ಇಡಬಹುದು. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕುಯ್ಲು, ಆಗ ಬೆಳಿಗ್ಗೆಯ ಹೊತ್ತು ಮುಚ್ಚಿಬಿಡುತ್ತೇನೆ. ಕೆಲಸದವರ ನಡುವೆ ಅತಿಥಿಗಳು ಓಡಾಡಿದರೆ ಇಬ್ಬರಿಗೂ ತೊಂದರೆ. ಈ ಆಪ್ ಅನ್ನು 2013ರಲ್ಲಿ ಶುರು ಮಾಡಿದ್ದು ಟೋಪೆ ಅವೊಟೋನಾ, ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಒಂದು ಮೀಟಿಂಗ್‌ಗಾಗಿ ಹತ್ತು ಮೇಲ್ ಬರೆಯುವ ಕಾಟ ಅನುಭವಿಸಿದವರೇ ಇದನ್ನು ಮಾಡಿರಬೇಕು ಎಂದು ಬಳಸುವಾಗ ಅನಿಸುತ್ತದೆ.

ಇದರ ಉಚಿತ ಪ್ಲಾನ್‌ನಲ್ಲಿ ಒಂದೇ ಬಗೆಯ ಭೇಟಿ ಇಡಲು ಸಾಧ್ಯ. ನನಗೆ ತೋಟದ ಸುತ್ತಾಟ ಒಂದೇ ಇರುವುದರಿಂದ ಸಾಕು. ಗೂಗಲ್ ಕ್ಯಾಲೆಂಡರ್‌ನಲ್ಲೂ ಈಗ ಇಂಥದ್ದೇ ಒಂದು ಬುಕಿಂಗ್ ಪುಟ ಉಚಿತವಾಗಿ ಸಿಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ, ಇನ್ನೊಂದು ಆಪ್ ಕಲಿಯಬೇಕಾಗಿಲ್ಲ. ಆದರೆ ರೂಮಿನ ಬುಕಿಂಗ್‌ಗೆ ಇವೆರಡೂ ಬೇಡ. ಇವು ಗಂಟೆ ಲೆಕ್ಕದ ಭೇಟಿಗೆ ಮಾಡಿದವು, ರಾತ್ರಿ ಲೆಕ್ಕಕ್ಕಲ್ಲ.

ಇನ್ನೊಂದು ಉಪಕಾರ ಹೇಳಲೇಬೇಕು. ಜರ್ಮನಿಯಲ್ಲಿರುವ ನಾದಿನಿಯ ಮಗನ ಮೂಲಕ ಅಲ್ಲಿಯ ಕೆಲವರು ನಮ್ಮ ಕಾಫಿ ತರಿಸಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ವಿಡಿಯೋ ಕಾಲ್. ಅಲ್ಲಿ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಗೆ ಗಡಿಯಾರ ಬದಲಿಸಿ ಮೂರೂವರೆ ಗಂಟೆ ಆಗುತ್ತದೆ. ಮೊದಲು ನಾನು ಪ್ರತಿ ಏಪ್ರಿಲ್‌ನಲ್ಲಿ ಒಂದು ಗಂಟೆ ತಡವಾಗಿ ಹೋಗಿ ಕೂರುತ್ತಿದ್ದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಆ ಕಾಲ್‌ಗೆ ಜರ್ಮನಿಯ ಸಮಯವನ್ನೇ ಆಧಾರ ಮಾಡಿ ಇಟ್ಟ ಮೇಲೆ ನನ್ನ ಫೋನಿನಲ್ಲಿ ತಾನೇ ಸರಿಯಾಗುತ್ತದೆ.

ಕ್ಯಾಲೆಂಡರ್‌ಗೆ ಬಗ್ಗದ ಒಂದು ವಿಷಯ ನಮ್ಮ ಹಬ್ಬಗಳು. ಕಕ್ಕಡ 18, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಪ್ರತಿ ವರ್ಷ ಆಗಸ್ಟ್ 3, ಕೈಲ್ ಮುಹೂರ್ತ ಸೆಪ್ಟೆಂಬರ್ 3. ಇವನ್ನು ಒಮ್ಮೆ ಬರೆದು ಪ್ರತಿ ವರ್ಷ ಎಂದು ಒತ್ತಿದರೆ ಮುಗಿಯಿತು. ಕಾವೇರಿ ಸಂಕ್ರಮಣ ಅಕ್ಟೋಬರ್ 17ರ ಆಸುಪಾಸು, ತಲಕಾವೇರಿಯಲ್ಲಿ ತೀರ್ಥೋದ್ಭವದ ನಿಮಿಷ ಪ್ರತಿ ವರ್ಷ ಬೇರೆ. ಹುತ್ತರಿ ಅಂತೂ ಹುಣ್ಣಿಮೆಯ ಲೆಕ್ಕ. ನವೆಂಬರ್ ಕೊನೆಗೂ ಬರಬಹುದು, ಡಿಸೆಂಬರ್‌ಗೂ ಹೋಗಬಹುದು. ಇಲ್ಲೇ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ, ಗಳಿಗೆ ನಿಗದಿ ಮಾಡಿ ಹೇಳಿದ ಮೇಲೆಯೇ ಗೊತ್ತಾಗುವುದು. ಅದಕ್ಕೆ ನಾನು ಹುಣ್ಣಿಮೆಯ ಸುತ್ತ ಐದು ದಿನ ಮೂರೂ ರೂಮ್ ಮುಚ್ಚಿ, ಮೇಲೆ ಹುತ್ತರಿ ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಡುತ್ತೇನೆ. ದಿನ ಗೊತ್ತಾದ ಮೇಲೂ ಹಬ್ಬಕ್ಕೆ ಒಂದು ರೂಮ್ ಮಾತ್ರ ಕೊಡುವುದು, ಅದೂ ಗದ್ದೆಗೆ ನಮ್ಮ ಜೊತೆ ಬರಲು ಇಷ್ಟ ಇರುವವರಿಗೆ.

ಈ ವರ್ಷದ ಪ್ರಶ್ನೆಚಿಹ್ನೆ ಇನ್ನೂ ಹಾಗೇ ಇದೆ. ಆಗಲೇ ಇಬ್ಬರು ಕೇಳಿದ್ದಾರೆ. ಒಂದು ಮೇಲ್ ಮೈಸೂರಿನ ಅದೇ ಕುಟುಂಬದ್ದು, ಮಗು ಈಗ ಶಾಲೆಗೆ ಹೋಗುತ್ತದಂತೆ. ದಿನ ಗೊತ್ತಾದ ಕೂಡಲೇ ಬರೆಯುತ್ತೇನೆ ಎಂದು ತಿಳಿಸಿ ಎರಡೂ ಮೇಲನ್ನು ಸ್ನೂಜ್ ಮಾಡಿ ಇಟ್ಟಿದ್ದೇನೆ. ಮೊದಲು ಕೇಳಿದ್ದು ಮೈಸೂರಿನವರು.